ಬಲ ಚಕ್ರದ ಗೆರೆ

ಬಲಗಡೆಯ ಹಿಂದಿನ ಚಕ್ರದ ಮೇಲೆ ಚಾಕ್‌ಪೀಸಿನ ಗೆರೆ ಅಡಿಕೋಲು ಇಟ್ಟು ಎಳೆದ ಹಾಗೆ ನೆಟ್ಟಗಿತ್ತು. ಅದನ್ನು ನೋಡಿಯೇ ಅಣ್ಣ ಅಲ್ಲೇ ಬಗ್ಗಿ ನಿಂತ.

ಎರಡು ಕಾರು ಅಕ್ಕಪಕ್ಕ ನೇರ ಓಡುವ ಡ್ರ್ಯಾಗ್ ರೇಸಿಗೆ ಟೈರು ನೆಲ ಕಚ್ಚಿ ಹಿಡಿಯಲೆಂದು ಗಾಳಿ ಕಡಿಮೆ ಇಡುತ್ತಾರೆ. ಹಾಗಾಗಿ ಕಾರು ಚಿಮ್ಮಿದಾಗ ಒಮ್ಮೊಮ್ಮೆ ಒಳಗಿನ ರಿಮ್ಮು ತಿರುಗಿಬಿಡುತ್ತದೆ, ಟೈರು ಹಿಂದೆ ಉಳಿಯುತ್ತದೆ. ಅದು ಗೊತ್ತಾಗಲೆಂದೇ ರಿಮ್ಮಿನಿಂದ ಟೈರಿನವರೆಗೆ ಒಂದು ಗೆರೆ. ಗೆರೆ ಮುರಿದಿದ್ದರೆ ಟೈರು ಜಾರಿದೆ ಎಂದರ್ಥ. ಜಾರಿದ ಟೈರು ಅರ್ಧ ದಾರಿಯಲ್ಲಿ ಕೈಕೊಟ್ಟರೆ ಕಾರು ಸೀದಾ ಗೋಡೆಗೆ.

ಇಲ್ಲಿ ಗೆರೆ ಮುರಿದಿರಲಿಲ್ಲ. ಆದರೆ ಒಂದೇ ಇತ್ತು. ಅಣ್ಣ ಯಾವತ್ತೂ ಒಂದು ಗೆರೆ ಎಳೆದು ಸುಮ್ಮನಾದವನಲ್ಲ. ಸರಿಯಾಗಿ ಬಂತೋ ಇಲ್ಲವೋ ಎಂದು ಪಕ್ಕದಲ್ಲೇ ಇನ್ನೊಂದು ಎಳೆಯುವುದು ಅವನ ಚಾಳಿ.

"ಏಯ್, ಈ ಗೆರೆ ಯಾರು ಎಳೆದಿದ್ದು?"

ತಂಗಿ ಹೆಲ್ಮೆಟ್ ಹಾಕಿಕೊಂಡು ಸ್ಟೀರಿಂಗ್ ಹಿಡಿದು ಕೂತಿದ್ದಳು. "ಇನ್ಯಾರು, ನೀನೇ. ಶುರುವಾಯ್ತಾ ನಿಂದು? ಹೋದ ಸಲ ಏನೋ ಸದ್ದು ಬಂತು ಅಂತ ಕೈ ಎತ್ತಿ ನಿಲ್ಲಿಸ್ದೆ. ನೋಡಿದ್ರೆ ಅದು ನಿನ್ನ ಜೇಬಲ್ಲಿದ್ದ, ಟೈರಿನ ವಾಲ್ವು ಬಿಚ್ಚೋ ಕೀಲಿ ಸದ್ದು! ಅನುಮಾನದ ಪಿಶಾಚಿ. ಇವತ್ತು ಫೈನಲ್ ಕಣೋ ಅಣ್ಣ. ಇವತ್ತೂ ನಿಲ್ಲಿಸಿದ್ರೆ, ಇನ್ಮೇಲೆ ನನ್ನ ಕಾರು ಮುಟ್ಟಬೇಡ."

ಅವನು ಮತ್ತೆ ಗೆರೆಯನ್ನು ನೋಡಿದ. ಸೆಮಿಫೈನಲ್ ಮುಗಿದ ಮೇಲೆ ತಾನು ನೀರು ತರಲು ಹೋಗಿದ್ದಾಗ ಕಾರಿನ ಹತ್ತಿರ ಇದ್ದವಳು ಇವಳೊಬ್ಬಳೇ. ಮುರಿದ ಗೆರೆ ಒರೆಸಿ ಇವಳೇ ಹೊಸದು ಎಳೆದಳೇ? ಆದರೆ ಬೆಳಿಗ್ಗೆ ತಾನು ಎರಡು ಗೆರೆ ಎಳೆದಿದ್ದು ಹೌದಾ? ಗಡಿಬಿಡಿಯಲ್ಲಿ ಒಂದೇ ಎಳೆದಿದ್ದರೆ? ತನ್ನ ನೆನಪನ್ನು ಅವನು ಎಂದೂ ಪೂರ್ತಿ ನಂಬಿದವನಲ್ಲ.

"ಲೈನಿಗೆ ಬನ್ರೀ!" ಧ್ವಜ ಹಿಡಿದವನು ಕೂಗಿದ. "ಇಲ್ಲಾಂದ್ರೆ ಪಕ್ಕದವರು ಒಬ್ರೇ ಓಡಿ ಕಪ್ ಎತ್ಕೊಂಡು ಹೋಗ್ತಾರೆ!"

ಎಂಜಿನ್ ಗುಡುಗಿತು. ಅಣ್ಣ ಕಾರಿನ ಹಿಂದೆ ಸುತ್ತಿ ಎಡಗಡೆಗೆ ಓಡಿ ಬಗ್ಗಿದ. ಎಡ ಚಕ್ರದ ಮೇಲೆ ಎರಡು ಗೆರೆ, ಒಂದಕ್ಕೊಂದು ಅಂಟಿಕೊಂಡು, ಸ್ವಲ್ಪ ಸೊಟ್ಟಗೆ. ಅವನದೇ ಕೈ.

ಮತ್ತೆ ಬಲಗಡೆಗೆ ಓಡಿ ಬಂದ.

"ಪಕ್ಕಕ್ಕೆ ಹೋಗೋ!" ತಂಗಿ ಕಿರುಚಿದಳು.

ಕೈ ಎತ್ತಿದರೆ ಇವತ್ತು ಅವಳು ನಿಲ್ಲುವುದಿಲ್ಲ. ಅದೊಂದು ಮಾತ್ರ ಅವನಿಗೆ ಖಂಡಿತ ಗೊತ್ತಿತ್ತು. ಮಂಡಿಯೂರಿ, ಜೇಬಿನ ಅದೇ ಕೀಲಿ ತೆಗೆದು, ವಾಲ್ವು ಬಿಚ್ಚಿದ. ಗಾಳಿ ಸುಯ್ಯೆಂದು ಹೊರಬಿತ್ತು. ಕಾರು ಬಲಕ್ಕೆ ವಾಲಿ ಕೂತಿತು.

ಪಕ್ಕದ ಸಾಲಿನ ಕಾರು ಒಂಟಿಯಾಗಿ ಹೊರಟುಹೋಯಿತು.

ತಂಗಿ ಇಳಿದು ಬಂದಳು. "ನಂದೇ ತಪ್ಪಾಗಿದ್ರೆ..." ಎಂದು ಅಣ್ಣ ತೊದಲಿದ. ಅವಳು ಕೈಗವಸು ಕಿತ್ತು ನೆಲಕ್ಕೆ ಬಿಸಾಡಿದಳು. ಚಪ್ಪಟೆಯಾದ ಟೈರನ್ನು ದುರುಗುಟ್ಟಿ ನೋಡಿದಳು.

"ಥತ್," ಎಂದಳು, "ಎರಡನೇ ಗೆರೆ ಎಳೆಯೋದು ನಾನು ಮರೆತೇಬಿಟ್ಟೆ."