ನಾಲ್ಕನೇ ಕಂಬ

ಮೂರನೇ ಸಲವೂ ಕಂಬ ಕಿತ್ತರು.

ಟೈಲರಮ್ಮ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಹಿತ್ತಿಲಿನ ಚಪ್ಪರಕ್ಕೆ ಬೇಕಾದ ಕಬ್ಬಿಣದ ಕಂಬಗಳು ನಾಲ್ಕೇ ನಾಲ್ಕು. ಮೂರು ಕಂಬಗಳು ಮೊದಲ ದಿನವೇ ತಮ್ಮ ಪಾಡಿಗೆ ತಾವು ನಿಂತಿದ್ದವು. ನಾಲ್ಕನೆಯದು ಮಾತ್ರ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅದನ್ನು ನಿಲ್ಲಗೊಡದವರು ಟೋಪಿಯವರು.

“ಇನ್ನೂ ನಾಲ್ಕು ಬೆರಳು ಈಚೆ ಬರ್ಲಿ,” ಎಂದರು ಅವರು, ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು.

ಕಂಟ್ರಾಕ್ಟರ್ ಹಲ್ಲು ಕಚ್ಚಿ ಬೋಲ್ಟು ಬಿಚ್ಚಿದ. ಅವನ ಇಬ್ಬರು ವೆಲ್ಡರುಗಳು ಮುಖ ಮುಖ ನೋಡಿಕೊಂಡರು.

ಸೋಮವಾರ ಟೈಲರಮ್ಮನ ಹೊಲಿಗೆ ಕ್ಲಾಸು ಶುರು. ಎಂಟು ಹೆಣ್ಣುಮಕ್ಕಳು ಹೆಸರು ಬರೆಸಿದ್ದರು. ಎಂಟು ಮೆಷಿನ್ನುಗಳನ್ನು ಮನೆಯೊಳಗಿಟ್ಟರೆ ಮನುಷ್ಯರು ಗೋಡೆಗೆ ಅಂಟಿಕೊಂಡು ಓಡಾಡಬೇಕಿತ್ತು. ಅದಕ್ಕೇ ಹಿತ್ತಿಲಿಗೆ ಶೀಟಿನ ಚಪ್ಪರ. ಹನ್ನೆರಡು ವರ್ಷ ಬೇರೆಯವರ ಅಂಗಡಿಯಲ್ಲಿ ಗುಂಡಿ ಹಾಕಿ, ಜಿಪ್ಪು ಬದಲಿಸಿ ಬೇಸತ್ತವಳಿಗೆ ಇದು ಸ್ವಂತದ್ದೆಂಬ ಮೊದಲ ಕೆಲಸ. ಮೇನ್ ರೋಡಿನಲ್ಲಿ ಇನ್ನೊಂದು ಕ್ಲಾಸಿತ್ತು. ಚಪ್ಪರ ತಡವಾದರೆ ಎಂಟೂ ಹೆಣ್ಣುಮಕ್ಕಳು ಅಲ್ಲಿಗೆ ಹೋಗಿ ಕೂರುತ್ತಾರೆ. 

ಅವಳ ಗಂಡ ಲಾರಿ ಓಡಿಸುವವನು. ಮನೆ ಬಿಟ್ಟು ಹದಿನೈದು ದಿನವಾಗಿತ್ತು. ಫೋನಿನಲ್ಲಿ ಅವನದು ಒಂದೇ ಮಾತು: “ಕಂಟ್ರಾಕ್ಟರ್ ಜೊತೆ ಜಗಳ ಆಡ್ಬೇಡ ಮಾರಾಯ್ತಿ. ಅರ್ಧಕ್ಕೆ ಬಿಟ್ಟು ಹೋದ್ರೆ ಇನ್ನೊಬ್ಬ ಸಿಗಲ್ಲ.”

ಹಾಗಾಗಿ ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಮೊದಲ ದಿನ ಬೆಳಿಗ್ಗೆ ಏಳಕ್ಕೆ ಕಂಟ್ರಾಕ್ಟರನ ವ್ಯಾನು ಬಂತು. ಅವನು ಹಿತ್ತಿಲ ಗೇಟು ತೆಗೆದ. ವೆಲ್ಡರುಗಳು ಒಳಗೆ ಬಂದರು. ಅವರ ಹಿಂದೆಯೇ ತಲೆಗೆ ಟೋಪಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿದ್ದ ಈ ಹಿರಿಯರು ಬಂದು, ಆಕಾಶ ನೋಡಿ, ಗೋಡೆ ನೋಡಿ, “ಇಷ್ಟು ಇಳಿಜಾರು ಸಾಲದು, ನೀರು ನಿಲ್ಲುತ್ತೆ,” ಎಂದುಬಿಟ್ಟರು. ಅಳೆದು ನೋಡಿದರೆ ಮಾತು ನಿಜವಾಗಿತ್ತು. ಅಂದಿನಿಂದ ಅವರ ಮಾತಿಗೆ ಎದುರಿಲ್ಲ. ಕಂಟ್ರಾಕ್ಟರನಿಗೆ ಅವರು ಮಾವನೋ ಚಿಕ್ಕಪ್ಪನೋ ಇರಬೇಕೆಂದುಕೊಂಡಳು. ಹಿರಿಯರನ್ನು ನಿಲ್ಲಿಸಿ ಕೇಳುವುದು ಚೆನ್ನಾಗಿರುವುದಿಲ್ಲವೆಂದು ಸುಮ್ಮನಾದಳು.

ಅವರು ಬಂದೊಡನೆ ಕಂಟ್ರಾಕ್ಟರ್ ಎದ್ದು ಸ್ಟೂಲು ಬಿಟ್ಟುಕೊಡುತ್ತಿದ್ದ. ಅವರು ಕೈ ಚಾಚಿದರೆ ತನ್ನ ಸೊಂಟದಲ್ಲಿದ್ದ ಟೇಪು ತೆಗೆದುಕೊಡುತ್ತಿದ್ದ. ಮಧ್ಯಾಹ್ನ ಅವರು ಊಟಕ್ಕೆ ಹೊರಟರೆ ಮೂವರೂ ಉಸ್ಸಪ್ಪಾ ಎಂದು ನೆಲಕ್ಕೆ ಕೂರುತ್ತಿದ್ದರು. ಇಷ್ಟು ಭಯಭಕ್ತಿಯ ಅಳಿಯ ಎಲ್ಲಿ ಸಿಗುತ್ತಾನೆಂದು ಟೈಲರಮ್ಮನಿಗೆ ಮೆಚ್ಚುಗೆಯೂ ಆಗುತ್ತಿತ್ತು, ಮೈ ಉರಿಯೂ ಆಗುತ್ತಿತ್ತು. ಚಹಾದಲ್ಲಿ ಮಾತ್ರ ಅವಳು ಕೊರತೆ ಮಾಡಲಿಲ್ಲ. ಟೋಪಿಯವರಿಗೆ ಸಕ್ಕರೆ ಕಮ್ಮಿ, ಹಾಲು ಜಾಸ್ತಿ. ಹಾಗೆಂದು ಅವರೇ ಹೇಳಿದ್ದರು.

ಶುಕ್ರವಾರ ಅವಳು ಧೈರ್ಯ ಮಾಡಿ ಕಂಟ್ರಾಕ್ಟರನನ್ನು ಪಕ್ಕಕ್ಕೆ ಕರೆದಳು.

“ಈ ಸಲನಾದ್ರೂ ಅವರು ಒಪ್ಪಿದ್ರಾ?”

“ನೀವೇ ಒಂದು ಮಾತು ಹೇಳಿ ನೋಡಿ ಮೇಡಂ.”

“ಅಯ್ಯೋ, ನಾನು ಹೇಗೆ ಹೇಳ್ಲಿ? ದೊಡ್ಡವರು.”

“ನಿಮ್ಗೇ ಆಗಲ್ಲ ಅಂದ್ರೆ ನನ್ನ ಪಾಡೇನು ಹೇಳಿ,” ಎಂದು ಅವನು ನಿಟ್ಟುಸಿರುಬಿಟ್ಟ.

ಭಾನುವಾರ ಸಂಜೆ ಐದಾಯಿತು. ಶೀಟುಗಳೆಲ್ಲ ಮೇಲೇರಿ, ಕೊನೆಯದೊಂದು ಉಳಿದಿತ್ತು. ಟೋಪಿಯವರು ಗೇಟಿನ ತನಕ ಹೋಗಿ, ಒಂದು ಕಣ್ಣು ಮುಚ್ಚಿ ನೋಡಿದರು.

“ಆ ನಾಲ್ಕನೇ ಕಂಬ ಇದೆಯಲ್ಲ,” ಎಂದು ಶುರು ಮಾಡಿದರು.

ಟೈಲರಮ್ಮ ಬಟ್ಟೆ ಕತ್ತರಿಸುತ್ತಿದ್ದ ದೊಡ್ಡ ಕತ್ತರಿಯನ್ನು ಹಿಡಿದುಕೊಂಡೇ ಹಿತ್ತಿಲಿಗೆ ಓಡಿಬಂದಳು.

“ಆ ಕಂಬ ಯಾರಾದ್ರೂ ಮುಟ್ಟಿದ್ರೆ ನೋಡಿ! ಸೊಟ್ಟ ಇದ್ರೆ ಸೊಟ್ಟಗೇ ಇರ್ಲಿ. ನಾಳೆ ಬೆಳಿಗ್ಗೆ ಎಂಟು ಜನ ಬರ್ತಾರೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಸಾರ್, ನಿಮ್ಮ ದಮ್ಮಯ್ಯ!”

ಟೋಪಿಯವರು ಕತ್ತರಿ ನೋಡಿದರು, ಕಂಬ ನೋಡಿದರು, ಮತ್ತೆ ಕತ್ತರಿ ನೋಡಿ ತೆಪ್ಪಗೆ ಸ್ಟೂಲಿನ ಮೇಲೆ ಕುಳಿತರು. ವೆಲ್ಡರುಗಳು ಕೊನೆಯ ಶೀಟನ್ನು ಎತ್ತಿದರು. ಕೊನೆಯ ಬೋಲ್ಟು ಬಿಗಿಯಾಗುವವರೆಗೂ ಅವಳು ಕಂಬದ ಪಕ್ಕದಿಂದ ಅಲುಗಲಿಲ್ಲ. ಕಂಟ್ರಾಕ್ಟರ್ ಅವಳನ್ನು ತುಂಬು ಗೌರವದಿಂದ ನೋಡುತ್ತಿದ್ದ.

ಚಪ್ಪರ ಮುಗಿಯಿತು. ಟೈಲರಮ್ಮನಿಗೆ ಅಳುವಷ್ಟು ಸಂತೋಷವಾಯಿತು. ಸಂತೋಷದ ಹಿಂದೆಯೇ ನಾಚಿಕೆಯೂ ಬಂತು. ಎಲ್ಲರಿಗೂ ಚಹಾ ಕೊಟ್ಟು, ಕಂಟ್ರಾಕ್ಟರನ ಬಳಿ ಮೆಲ್ಲಗೆ ಹೇಳಿದಳು:

“ಬೇಜಾರು ಮಾಡ್ಕೋಬೇಡಿ. ನಿಮ್ಮ ಮಾವನವರ ಮೇಲೆ ಕೂಗಾಡಿಬಿಟ್ಟೆ.”

“ಯಾರ ಮಾವ?”

“ನಿಮ್ಮ ಮಾವ. ಟೋಪಿಯವರು.”

“ಮೇಡಂ, ನನಗೆ ಮದುವೇನೇ ಆಗಿಲ್ಲ!” ಕಂಟ್ರಾಕ್ಟರನ ಕೈಯಲ್ಲಿದ್ದ ಚಹಾ ತುಳುಕಿತು. “ನಿಮ್ಮ ಭಾವನವರು ಅಂತ ತಾನೇ ನಾನು ಹತ್ತು ದಿನದಿಂದ ಬಾಯಿ ಮುಚ್ಕೊಂಡು ಕಂಬ ಕಿತ್ತಿದ್ದು?”

“ನಮ್ಮನೆಯವರಿಗೆ ಅಣ್ಣಾನೇ ಇಲ್ಲ!”

ಇಬ್ಬರೂ ಒಟ್ಟಿಗೆ ಸ್ಟೂಲಿನತ್ತ ತಿರುಗಿದರು. ಹತ್ತು ದಿನದಲ್ಲಿ ಯಾರೂ ಕೇಳದ ಮಾತನ್ನು ಟೈಲರಮ್ಮನೇ ಕೇಳಿದಳು.

“ಸಾರ್, ತಾವು ಯಾರು?”

“ನಾನಾ?” ಟೋಪಿಯವರು ಚಹಾದ ಕೊನೆಯ ಗುಟುಕು ಹೀರಿ, ಲೋಟ ಕೆಳಗಿಟ್ಟು ಎದ್ದರು. “ವಾಕಿಂಗ್ ಬಂದಿದ್ದೆ.”