ಹಿಲ್ಡಾಳ ಕೆಟಲ್

"ಕ್ಲೆಮ್, ಕೆಟಲ್ ಮುಟ್ಟಿದ್ರೆ ಕೈ ಮುರೀತೀನಿ!" ಹಿಲ್ಡಾ ಕೂಗಿದಳು. ಅವಳ ಅಡುಗೆಮನೆಯಲ್ಲಿ ಚಹಾಕ್ಕೆ ನೀರು ಕಾಯಿಸಲು ಸ್ವಿಚ್ ಹಾಕಿದರೆ ಸಾಕು, ಕರೆಂಟ್ ಕುಸಿದು, ಅವಳೇ ಬೆಸುಗೆ ಹಾಕಿ ಬದುಕಿಸಿದ್ದ ನಲವತ್ತು ವರ್ಷದ ಕಂಪ್ಯೂಟರ್ ಎಲ್ಲವನ್ನೂ ಮರೆತುಬಿಡುತ್ತಿತ್ತು.

ಚರ್ಚಿನ ಗಂಟೆ ಬಾರಿಸುವವರ ನಾಯಕ ಕ್ಲೆಮ್ ನಕ್ಕ. "ಮಕ್ಕಳಾಡೋ ಡಬ್ಬ ಕಣೇ ಅದು. ನನ್ನ ಲೆಕ್ಕಾನ ಅದು ತಿದ್ದುತ್ತಾ?" ಅವನೇ ಹೆಣೆದ ವರಸೆಯಲ್ಲಿ ನಾಳೆ ಗೋಪುರದ ಎಂಟೂ ಗಂಟೆಗಳನ್ನು, ಪ್ರತಿ ಸುತ್ತಿಗೂ ಅವುಗಳ ಕ್ರಮ ಬದಲಿಸುತ್ತ, ಮೂರು ತಾಸು ಬಾರಿಸಬೇಕಿತ್ತು. ಒಮ್ಮೆ ನುಡಿದ ಅನುಕ್ರಮ ಮತ್ತೆ ಬಂದರೆ ಅಷ್ಟೂ ಸುಳ್ಳೆಂದೇ ಲೆಕ್ಕ. ಹಾಗಾದರೆ ಸುತ್ತಲ ಹಳ್ಳಿಗಳ ಗಂಟೆಯವರೆಲ್ಲ ಅವನು ಸಾಯುವ ತನಕ ಆಡಿಕೊಳ್ಳುವುದು ಖಂಡಿತ. ಅವನ ಬೆರಳು ಕೆಟಲಿನ ಸ್ವಿಚ್ ಮೇಲೆಯೇ ಇತ್ತು.

ಕಂಪ್ಯೂಟರಿಗೆ ಜೋಡಿಸಿದ್ದ ಟಿವಿ ಪರದೆಯ ಮೇಲೆ ಅವನ ವರಸೆಯನ್ನು ಸಾಲುಸಾಲಾಗಿ ಪರೀಕ್ಷಿಸುತ್ತ ಓಡುತ್ತಿದ್ದ ಅಂಕಿಗಳು ಗಕ್ಕನೆ ನಿಂತವು. ಒಂದೇ ಸಾಲು ಎರಡು ಕಡೆ ಮಿನುಗುತ್ತಿತ್ತು. ಕ್ಲೆಮ್ ಕನ್ನಡಕ ಏರಿಸಿ, ಬಾಯೊಳಗೇ ಎಣಿಸಿದ. ಬೆರಳು ಸ್ವಿಚ್ಚಿನಿಂದ ಜಾರಿತು. "ಅಯ್ಯೋ ಹಿಲ್ಡಾ, ತಪ್ಪು ಸಿಕ್ಕಿಬಿಡ್ತು! ಗಂಟೆಗಳ ಕ್ರಮ ಬದಲಾಗೋ ಈ ತಿರುವನ್ನ ಒಂದು ಸಾಲು ಮುಂದಕ್ಕೆ ಹಾಕು. ಓಡಿಸು, ಮತ್ತೆ ಓಡಿಸು!"

ಅಂಕಿಗಳು ಮತ್ತೆ ಓಡತೊಡಗಿದವು. ಅಷ್ಟರಲ್ಲಿ ಅವನ ಹೆಂಡತಿ ಐರಿಸ್ ಒಳಬಂದು, "ಇನ್ನೂ ಚಹಾ ಇಲ್ವಾ?" ಎನ್ನುತ್ತ ಕೆಟಲಿನತ್ತ ಕೈಚಾಚಿದಳು. ಕ್ಲೆಮ್ ಕೆಟಲನ್ನು ಎದೆಗವಚಿಕೊಂಡು, "ಬಾಯಾರಿದ್ರೆ ತಣ್ಣೀರು ಕುಡಿ!" ಎಂದ.