ಚೌಕಾಸಿ ಮಾಡದ ಗಿರಾಕಿ

“ಎರಡು ಸಾವಿರ ಆಗುತ್ತೆ” ಎಂದು ವ್ಯಾನಕ್ಕ ಬಾಯಿ ಮುಚ್ಚುವ ಮೊದಲೇ ಬೇಕರಿಯವನು “ಆಯ್ತಕ್ಕ, ನಾಳೆ ಬೆಳಿಗ್ಗೆ ಬಂದ್ಬಿಡಿ” ಎಂದು ಒಲೆಯ ಕಡೆ ತಿರುಗಿಬಿಟ್ಟ. ಅಷ್ಟೇ. ‘ಜಾಸ್ತಿ ಆಯ್ತು’ ಇಲ್ಲ, ‘ಸ್ವಲ್ಪ ನೋಡಿ ಹೇಳಿ’ ಇಲ್ಲ. ಬೇಕರಿಯ ಹಿಂದಿನ ಖಾಲಿ ಜಾಗದ ಹುಲ್ಲು ಕತ್ತರಿಸುವುದು ಅವಳ ಟ್ರ್ಯಾಕ್ಟರಿಗೆ ಸಿಕ್ಕ ಮೊದಲ ಬಾಡಿಗೆ. ಖುಷಿಯಿಂದ ಕುಣಿಯಬೇಕಾದವಳು ಮನೆಯವರೆಗೂ ಕೈ ಕೈ ಹಿಸುಕಿಕೊಂಡು ಬಂದಳು.

“ರೀ, ಹೂಂ ಅಂದುಬಿಟ್ಟ ಕಣ್ರೀ” ಎಂದಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಗಂಡನಿಗೆ.

“ಒಳ್ಳೇದೇ ಆಯ್ತಲ್ವೇನೇ?”

“ಏನು ಒಳ್ಳೇದು, ಮಣ್ಣು! ಅವನು ಎಳೆದಾಡಲಿ ಅಂತಾನೇ ಐನೂರು ಜಾಸ್ತಿ ಹೇಳಿದ್ದೆ. ಕೇಳಿದ ತಕ್ಷಣ ಒಪ್ಪಿದ ಅಂದ್ರೆ ಅದರಲ್ಲೇನೋ ಇದೆ, ನಾನೇ ಕಮ್ಮಿ ಹೇಳಿರ್ಬೇಕು. ನಾಳೆ ಬನ್ನು ತಗೊಳ್ಳೋಕೆ ಬರೋರ ಕಿವಿಗೆಲ್ಲ ಈ ಬೆಲೆ ಬೀಳುತ್ತೆ. ಆಮೇಲೆ ನಾನು ಸಾಯೋವರೆಗೂ ನನ್ನ ದರ ಅದೇ!”

ಶಾಲೆಯ ವ್ಯಾನು ಓಡಿಸಿಯೇ ಊರಿಗೆಲ್ಲ ವ್ಯಾನಕ್ಕನಾಗಿ ಕೂದಲು ನೆರೆಸಿಕೊಂಡವಳು ಅವಳು. ಸಂಬಳ ಎಷ್ಟೆಂದು ಬೇರೆಯವರು ಹೇಳುತ್ತಿದ್ದರು, ಇವಳು ತಲೆಯಾಡಿಸುತ್ತಿದ್ದಳು. ಶಾಲೆಯವರು ವ್ಯಾನು ಮಾರಿ, ಅವಳನ್ನು ಕೆಲಸ ಬಿಡಿಸುವಾಗ ಕೈಗಿತ್ತ ದುಡ್ಡೆಲ್ಲ ಈ ಹಳೇ ಟ್ರ್ಯಾಕ್ಟರಿಗೂ ಅದರ ಹಿಂದೆ ಕಟ್ಟುವ ಹುಲ್ಲು ಕತ್ತರಿಸುವ ಯಂತ್ರಕ್ಕೂ ಹೋಗಿತ್ತು. ತನ್ನ ಕೆಲಸಕ್ಕೆ ತಾನೇ ಬೆಲೆ ಹೇಳಿದ್ದು ಜನ್ಮದಲ್ಲಿ ಇದೇ ಮೊದಲು. ಕೂತಲ್ಲಿ ಕೂರಲಾಗಲಿಲ್ಲ. ಗ್ರೀಸ್ ಹಾಕಿದಳು, ಡೀಸೆಲ್ ನೋಡಿದಳು, ಬಿಗಿ ಮಾಡಿದ ಬೋಲ್ಟುಗಳನ್ನೇ ಮತ್ತೆ ಬಿಗಿ ಮಾಡಿದಳು, ಬ್ಲೇಡು ಉಜ್ಜಿದ್ದೇ ಉಜ್ಜಿದ್ದು.

“ಇನ್ನೊಂದು ಸಲ ಉಜ್ಜಿದ್ರೆ ಅದರಲ್ಲಿ ನನ್ನ ಗಡ್ಡ ಬೋಳಿಸಬಹುದು” ಎಂದ ಗಂಡ. “ಅದಿರಲಿ, ಆ ಜಾಗ ನಡೆದು ನೋಡಿದ್ಯಾ?”

“ಗೋಡೆ ಮೇಲಿಂದ ನೋಡಿದೆ.”

“ಗೋಡೆ ಮೇಲಿಂದಾನಾ! ಗಿರಾಕಿ ಇನ್ನೂ ರಸ್ತೇಲಿ ಬರ್ತಿರೋವಾಗ್ಲೇ ನಾನಿಲ್ಲಿ ಪ್ಯಾಂಟು ಕತ್ತರಿಸಿದ ಹಾಗಾಯ್ತು.” ಚಿಂದಿಯ ರಾಶಿಯಿಂದ ಕೆಂಪು ಬಟ್ಟೆಯ ಚೂರುಗಳನ್ನು ಹೆಕ್ಕಿ ಅವಳ ಉಡಿಗೆ ಹಾಕಿದ. “ಹೋಗು. ಕಲ್ಲು ಕಂಡಲ್ಲೆಲ್ಲ ಗುರುತು ಕಟ್ಟು.”

ಹೊತ್ತು ಇಳಿಯುವಾಗ ವ್ಯಾನಕ್ಕ ಸೊಂಟದೆತ್ತರದ ಹುಲ್ಲಿನಲ್ಲಿ ಕೋಲಿನಿಂದ ಕುಟ್ಟುತ್ತಾ ನಡೆದಳು. ಮೊದಲು ಸಿಕ್ಕಿದ್ದು ಒಂದು ಕಲ್ಲು. ಅದರ ಪಕ್ಕ ಕಡ್ಡಿ ನೆಟ್ಟು ಕೆಂಪು ಬಟ್ಟೆ ಕಟ್ಟಿದಳು. ಆಮೇಲೆ ಇಟ್ಟಿಗೆ. ಆಮೇಲೆ ಕೋಲು ‘ಠಣ್’ ಎಂದಿತು. ಹುಲ್ಲು ಸರಿಸಿದರೆ ಹಳೇ ಒಲೆಯೊಂದರ ಕಬ್ಬಿಣದ ಬಾಗಿಲು, ತುಕ್ಕು ಹಿಡಿದ ತಟ್ಟೆಗಳು, ಸುತ್ತಿ ಎಸೆದ ತಂತಿ. ಉಡಿಯಲ್ಲಿದ್ದ ಬಟ್ಟೆ ಮುಗಿದರೂ ಕಬ್ಬಿಣ ಮುಗಿಯಲಿಲ್ಲ. ನಾಳೆ ಬ್ಲೇಡು ಇದಕ್ಕೆ ಬಡಿದಿದ್ದರೆ? ಮೊದಲ ಬಾಡಿಗೆಯೇ ಕೊನೆಯದಾಗುತ್ತಿತ್ತು. ಅವಳಿಗೆ ಸಿಟ್ಟು ನೆತ್ತಿಗೇರಿತು. ಅದಕ್ಕೇ ಹೂಂ ಅಂದಿದ್ದಾನೆ, ಕಳ್ಳ!

ಬೇಕರಿಯ ಹಿಂಬಾಗಿಲಲ್ಲಿ ನಿಂತು ಸೊಂಟಕ್ಕೆ ಕೈ ಕೊಟ್ಟಳು. “ಅಲ್ಲಣ್ಣ, ಹುಲ್ಲೊಳಗೆ ಇಡೀ ಒಲೇನೇ ಬಿಸಾಕಿದ್ದೀರಲ್ಲ, ಒಂದು ಮಾತು ಹೇಳಬಾರದಿತ್ತಾ?”

ಹಿಟ್ಟು ಮೆತ್ತಿದ ಕೈಯನ್ನು ಗಾಳಿಯಲ್ಲೇ ಹಿಡಿದು ಬೇಕರಿಯವನು ಕಕ್ಕಾಬಿಕ್ಕಿಯಾದ. “ಎಲ್ಲಾ ನೋಡ್ಕೊಂಡೇ ಬೆಲೆ ಹೇಳಿದ್ರಿ ಅಂದ್ಕೊಂಡೆ ಅಕ್ಕ. ನೋಡದೇ ಯಾರಾದ್ರೂ ಬೆಲೆ ಹೇಳ್ತಾರಾ?”

“ಮತ್ತೆ ಚೌಕಾಸಿ ಯಾಕೆ ಮಾಡ್ಲಿಲ್ಲ?”

“ಚೌಕಾಸಿನಾ?” ಅವನು ಗಾಜಿನ ಜಾಡಿಗಳ ಸಾಲು ತೋರಿಸಿದ. ಒಂದೊಂದರ ಮೇಲೂ ಬೆಲೆಯ ಚೀಟಿ. “ನಮ್ಮಪ್ಪನ ಕಾಲದಿಂದ ಇಲ್ಲಿ ಯಾರೂ ಮಾಡಿದ್ದಿಲ್ಲ, ನಂಗೆ ಅದು ಬರೋದೂ ಇಲ್ಲ. ಮೈದಾ, ಸಕ್ಕರೆ, ಸೌದೆ, ನಿದ್ದೆಗೆಟ್ಟ ನನ್ನ ರಾತ್ರಿ, ಎಲ್ಲ ಸೇರಿಸಿ ಬನ್ನಿಗೆ ಬೆಲೆ ಕಟ್ತೀನಿ. ನೀವು ಏನೇನು ಸೇರಿಸಿ ಎರಡು ಸಾವಿರ ಅಂದ್ರಿ?”

ಡೀಸೆಲ್ ಎನ್ನಲು ಹೊರಟ ವ್ಯಾನಕ್ಕನಿಗೆ ಸುಳ್ಳು ಬಾಯಿಗೆ ಬರಲಿಲ್ಲ. ಸಿಟ್ಟೂ ಇಳಿದುಹೋಗಿತ್ತು, ನಾಚಿಕೆಯಾಯಿತು. “ನೀವೆಲ್ಲಿ ಬೇಡ ಅಂದ್ಬಿಡ್ತೀರೋ ಅನ್ನೋ ಭಯ” ಎಂದಳು. “ಅದೊಂದೇ ಸೇರಿಸಿದ್ದು.”

ಅವನು ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಂಡು, “ಹಾಗಾದ್ರೆ ಇನ್ನೊಂದು ಸಲ ಹೇಳಿ” ಎಂದ.

ಅವಳು ಹಿಂದಕ್ಕೆ ತಿರುಗಿ ಹುಲ್ಲಿನ ನಡುವೆ ಅಲ್ಲಲ್ಲಿ ಅಲುಗುತ್ತಿದ್ದ ಕೆಂಪು ಬಟ್ಟೆಗಳನ್ನು ನೋಡಿದಳು. ಡೀಸೆಲ್ಲು, ಬ್ಲೇಡು, ಕಬ್ಬಿಣ ಹೊರಬೇಕಾದ ತನ್ನ ಸೊಂಟ, ಎಲ್ಲವನ್ನೂ ಮನಸ್ಸಿನಲ್ಲೇ ಕೂಡಿದಳು. “ಮೂರೂವರೆ ಸಾವಿರ.”

“ಅಯ್ಯಯ್ಯೋ, ಜಾಸ್ತಿ ಆಯ್ತಲ್ಲಕ್ಕಾ!”

ಬೆಳಗಿನಿಂದ ಅವಳ ಕಿವಿ ಕಾದಿದ್ದು ಇದೇ ಮಾತಿಗೆ. ‘ಹೋಗ್ಲಿ ಬಿಡಿ, ಐನೂರು ಕಮ್ಮಿ ಕೊಡಿ’ ಎಂಬ ಬಾಯಿಪಾಠ ಮಾಡಿದ ಉತ್ತರ ನಾಲಿಗೆಯ ತುದಿಯವರೆಗೂ ಬಂತು. ಅದನ್ನು ನುಂಗಿಕೊಂಡು, ಹಿಟ್ಟಿನ ಮೂಟೆಯ ಮೇಲೆ ಆರಾಮಾಗಿ ಕೂತು, ಹತ್ತಿರದ ಜಾಡಿಯ ಚೀಟಿಯ ಮೇಲೆ ಬೆರಳಿಟ್ಟಳು.

“ಇದರಲ್ಲೊಂದು ಬನ್ನು ಕೊಡಿ ಅಣ್ಣ. ಬರೆದಿರೋಷ್ಟೇ ಕೊಡ್ತೀನಿ.”